ನಿಮಗಿದು ಗೊತ್ತೆ? ಹಳೆ ಗಾಡಿಯ ಬ್ರೇಕ್ ಡ್ರಮ್ ಅಳತೆ

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯನ್ನು ಹಾಯುವ ರಾಷ್ಟ್ರೀಯ ಹೆದ್ದಾರಿ 48 ಹಳೆಯ ಲಾರಿ, ಅಂಬಾಸಿಡರ್‌ಗಳು ಓಡಿದ ದಾರಿ. ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಇಂಥ ಗಾಡಿಗೆ ಬದಲಿ ಬ್ರೇಕ್ ಡ್ರಮ್ ಹುಡುಕಲು ಮಾಡೆಲ್ ಹೆಸರೊಂದೇ ಸಾಲದು. ಎರಕದ ನಂಬರ್ ತುಕ್ಕು ಹಿಡಿದು ಅಳಿಸಿದ್ದರೆ ಒಳವ್ಯಾಸ, ಬ್ರೇಕ್ ಶೂ ಅಗಲ, ಆಳ, ನಡುವಿನ ತೂತು ಎಲ್ಲವನ್ನೂ ಅಳೆಯಬೇಕು. ಸವೆದ ಡ್ರಮ್‌ನ ಒಳವ್ಯಾಸ ಹಿಗ್ಗಿರುತ್ತದೆ. ಮೂಲ ಅಳತೆಯ ಸುಳಿವು ಶೂ ತಾಗದ ಅಂಚಿನಲ್ಲಿದೆ.

ಬೋಲ್ಟ್ ತೂತುಗಳ ಮಧ್ಯದಿಂದ ಹಾಯುವ ವೃತ್ತವೂ ಹೊಂದಬೇಕು. ತೂತು ಐದಿದ್ದರೆ ಎದುರುಬದುರು ಅಳೆಯಲು ಬರುವುದಿಲ್ಲ. ಅಕ್ಕಪಕ್ಕದ ಎರಡು ತೂತುಗಳ ಮಧ್ಯದಿಂದ ಮಧ್ಯಕ್ಕಿರುವ ಅಂತರವನ್ನು 1.701ರಿಂದ ಗುಣಿಸಿದರೆ ಈ ಬೋಲ್ಟ್ ವೃತ್ತದ ವ್ಯಾಸ ಸಿಗುತ್ತದೆ. ಎಷ್ಟು ಸೊಗಸಾದ ಲೆಕ್ಕ!

ಡ್ರಮ್ ಮೇಲೆ ಗರಿಷ್ಠ ವ್ಯಾಸ ಅಚ್ಚಾಗಿದ್ದು, ಸವೆತ ಅದನ್ನು ದಾಟಿದ್ದರೆ ಲೇತ್‌ಗೆ ಹಾಕಿಸಬೇಡಿ, ಹೊಸದನ್ನೇ ಹಾಕಿಸಿ.