ಎರಡು ಅಂಕದ ಒಲವು, ಎಂಟು ಹಂತದ ಏಣಿ

ಒಂದು ಕಂಪನಿ. ಅದಕ್ಕೆ ಕಟ್ಟಡವಿಲ್ಲ, ಕ್ಯಾಂಟೀನಿಲ್ಲ, ಗದರುವ ಬಾಸ್ ಕೂಡ ಇಲ್ಲ. ಇರುವುದೆಲ್ಲ ಕಂಪ್ಯೂಟರಿನ ಹೊಟ್ಟೆಯೊಳಗೆ. ಎಂಟು ಹಂತಗಳ ಏಣಿ, ಬುಡದಲ್ಲಿ 500 ಹುದ್ದೆ, ತುದಿಯಲ್ಲಿ ಬರೀ 10. ಶುರುವಿನಲ್ಲಿ ಪ್ರತಿ ಹಂತದಲ್ಲೂ ಹೆಣ್ಣು ಗಂಡು ಸಮಸಮ. ಎಲ್ಲರಿಗೂ ಕೆಲಸದ ಅಂಕ ಉಂಟು. ಪ್ರತಿ ಸುತ್ತಿನಲ್ಲಿ ನೂರಕ್ಕೆ 15 ಮಂದಿ ಕೆಲಸ ಬಿಡುತ್ತಾರೆ, ಯಾರು ಎನ್ನುವುದು ಶುದ್ಧ ಲಾಟರಿ. ಖಾಲಿಯಾದ ಕುರ್ಚಿಗೆ ಕೆಳಗಿನ ಹಂತದಲ್ಲಿ ಹೆಚ್ಚು ಅಂಕ ಪಡೆದವರು ಏರುತ್ತಾರೆ. ಬುಡಕ್ಕೆ ಹೊಸಬರು ಬರುತ್ತಾರೆ. ಮೊದಲಿದ್ದವರೆಲ್ಲ ಹೋಗಿ ಮುಗಿಯುವ ತನಕ ಆಟ ನಡೆಯುತ್ತದೆ.

ಇಂಥ ಕಂಪನಿಯನ್ನು ಕಟ್ಟಿದವರು ರಿಚರ್ಡ್ ಮಾರ್ಟೆಲ್, ಡೇವಿಡ್ ಲೇನ್ ಮತ್ತು ಸಿಂಥಿಯಾ ಎಮ್ರಿಚ್ ಎಂಬ ಮೂವರು ಮನಶ್ಶಾಸ್ತ್ರಜ್ಞರು. 'ಅಮೆರಿಕನ್ ಸೈಕಾಲಜಿಸ್ಟ್' ಪತ್ರಿಕೆಯಲ್ಲಿ 1996ರಲ್ಲಿ ಬಂದ ಅವರ ಲೇಖನ ಕೆಲವೇ ಪುಟಗಳದ್ದು. ಆದರೆ ಅದರಲ್ಲಿ ಅವರು ಮಾಡಿದ ಒಂದು ಕಿತಾಪತಿ ನೋಡಿ! ಗಂಡಸರ ಅಂಕಕ್ಕೆ ಸುಮ್ಮನೆ 2.01 ಸೇರಿಸಿಬಿಟ್ಟರು. ಅಷ್ಟೇ.

ಎಷ್ಟು ಸಣ್ಣದು ಗೊತ್ತೇ? ಅಂಕಗಳಲ್ಲಿ ಕಾಣುವ ಏರುಪೇರಿನ ಪೈಕಿ ನೂರಕ್ಕೆ 1 ಪಾಲಿಗೆ ಮಾತ್ರ ಇದು ಕಾರಣ. ಉಳಿದ 99 ಪಾಲಿಗೂ ಹೆಣ್ಣು-ಗಂಡೆಂಬುದಕ್ಕೂ ಸಂಬಂಧವೇ ಇಲ್ಲ. ಬುಡದ ಹಂತಕ್ಕೆ ಹೊಸದಾಗಿ ಸೇರಿದವರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಎಂದು ಕಣ್ಣುಮುಚ್ಚಿ ಆರಿಸಿ, ಅಂಕ ಹೋಲಿಸಿ. ಇಂಥ ನೂರು ಜೋಡಿಗಳಲ್ಲಿ ಸುಮಾರು 56ರಲ್ಲಿ ಗಂಡಸು ಮುಂದೆ, 44ರಲ್ಲಿ ಹೆಂಗಸು ಮುಂದೆ. ಯಾವ ಮ್ಯಾನೇಜರಿನ ಕಣ್ಣಿಗೂ ಇದು ಬೀಳದು. ಅನ್ಯಾಯವಾಯಿತೆಂದು ದೂರು ಕೊಡಲು ಹೊರಟವಳ ಕೈಗೂ ಇದು ಸಿಗದು.

ಈಗ ಏಣಿಯ ತುದಿಗೆ ಬನ್ನಿ. ಅಲ್ಲಿ ಹೆಂಗಸರು ಸರಾಸರಿ ನೂರಕ್ಕೆ 35!

ಗಂಡಸರ ಕಡೆಗಿನ ಈ ಒಲವನ್ನು ಇನ್ನಷ್ಟು ಏರಿಸಿ, ನೂರಕ್ಕೆ 5 ಪಾಲಿನಷ್ಟು ಮಾಡಿದಾಗ ತುದಿಯಲ್ಲಿ ಉಳಿದ ಹೆಂಗಸರು ನೂರಕ್ಕೆ 29. ಹನಿಗೂಡಿ ಹಳ್ಳವಾಗುವುದು ನಮಗೆ ಹಳೆಯ ವಿಷಯವೇ ಸರಿ. ಆದರೆ ಇಷ್ಟು ಸಣ್ಣ ಹನಿ, ಇಷ್ಟು ಬೇಗ?

ಗುಟ್ಟು ಇರುವುದು ಜರಡಿ ಹಿಡಿಯುವ ರೀತಿಯಲ್ಲಿ. ಬಡ್ತಿ ಸಿಗುವುದು ಸರಾಸರಿಯವರಿಗಲ್ಲ, ಪಟ್ಟಿಯ ಮೇಲ್ತುದಿಯವರಿಗೆ. ಮಧ್ಯದಲ್ಲಿ ಇದ್ದೂ ಇಲ್ಲದಂತಿರುವ ವ್ಯತ್ಯಾಸ ಆ ತುದಿಯಲ್ಲಿ ದಪ್ಪಗೆ ಕಾಣುತ್ತದೆ. ಹಾಗೆ ಸೋಸಿ ಬಂದವರನ್ನೇ ಮುಂದಿನ ಹಂತದಲ್ಲಿ ಮತ್ತೆ ಸೋಸುತ್ತಾರೆ, ಅದರ ಮೇಲಿನ ಹಂತದಲ್ಲಿ ಮತ್ತೆ. ಮನೆ, ಮಕ್ಕಳು, ಬಸಿರು-ಬಾಣಂತನ, ರಾತ್ರಿ ಪಾಳಿ ಯಾವುದೂ ಈ ಆಟದಲ್ಲಿಲ್ಲ ಎಂಬುದನ್ನು ಮರೆಯಬೇಡಿ. ಹೆಂಗಸರೇ ಹೆಚ್ಚಾಗಿ ಕೆಲಸ ಬಿಡುತ್ತಾರೆ ಎಂಬ ನೆಪಕ್ಕೂ ಇಲ್ಲಿ ಜಾಗವಿಲ್ಲ. ಅದೆಲ್ಲವನ್ನೂ ಕಿತ್ತುಹಾಕಿದ ಮೇಲೂ ಏಣಿ ವಾಲಿತು! ನಿಜವಾದ ಆಫೀಸಿನಲ್ಲಿ ಇಂಥ ಪ್ರಯೋಗ ಮಾಡುವಂತಿಲ್ಲ. ಒಬ್ಬಳ ವೃತ್ತಿಜೀವನವನ್ನು ಹಿಂದಕ್ಕೆ ಸುತ್ತಿ, ಎರಡು ಅಂಕ ಕೊಟ್ಟು, ಮತ್ತೆ ಓಡಿಸಿ ನೋಡಲಾದೀತೇ?

ಇದಕ್ಕೂ ಕಾಲು ಶತಮಾನ ಮೊದಲು, 1971ರಲ್ಲಿ, ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಇದೇ ಜಾತಿಯ ಬೆರಗನ್ನು ತೋರಿಸಿದ್ದರು. ಚೌಕಗಳ ಹಾಳೆಯ ಮೇಲೆ ಎರಡು ಬಗೆಯ ಬಿಲ್ಲೆಗಳಿದ್ದರೆ ಸಾಕಿತ್ತು. ನೆರೆಯಲ್ಲಿ ನಮ್ಮವರು ಒಂದಿಷ್ಟಾದರೂ ಇರಲಿ ಎಂಬ ಸೌಮ್ಯ ಆಸೆಯಿಂದಲೇ ಇಡೀ ಊರು ಎರಡು ಕೇರಿಗಳಾಗಿ ಒಡೆಯುತ್ತಿತ್ತು. ದ್ವೇಷದ ಅಗತ್ಯವೇ ಬೀಳಲಿಲ್ಲ.

ನೀತಿ ರೂಪಿಸುವವರು ಸಾಮಾನ್ಯವಾಗಿ ಖಳನಾಯಕನನ್ನು ಹುಡುಕುತ್ತಾರೆ, ಸಿಗದಿದ್ದರೆ ಕಡತ ಮುಚ್ಚುತ್ತಾರೆ. ಈ ಮಾಯಾ ಕಂಪನಿಯಲ್ಲಿ ಖಳನಾಯಕನೇ ಇಲ್ಲವಲ್ಲ! (ಇಟಲಿಯ ಕಟಾನಿಯಾದ ಮೂವರು ಸಂಶೋಧಕರು ಬಡ್ತಿಯ ಆಟವನ್ನು ಇನ್ನೂ ಮುಂದೆ ಒಯ್ದರು. ಹಳೆಯ ಹುದ್ದೆಯ ಜಾಣ್ಮೆ ಹೊಸ ಹುದ್ದೆಗೆ ಉಪಯೋಗಕ್ಕೆ ಬಾರದು ಎಂದಿಟ್ಟುಕೊಂಡರೆ, ಚೀಟಿ ಎತ್ತಿ ಬಡ್ತಿ ಕೊಡುವುದೇ ಲಾಭ ಎಂದು ಕಂಪ್ಯೂಟರಿನಲ್ಲಿ ತೋರಿಸಿ, 2010ರ ಇಗ್ ನೊಬೆಲ್ ಎಂಬ ನಗೆಯ ಬಹುಮಾನ ಗಿಟ್ಟಿಸಿದರು.)

ಮಾರ್ಟೆಲ್ ತಂಡದ ಆಟವನ್ನು ಇವತ್ತು ಪೈಥಾನ್ ಬಲ್ಲ ಪಿಯುಸಿ ಹುಡುಗಿ ಒಂದು ಸಂಜೆಯಲ್ಲಿ ಬರೆದಾಳು. ಬರೆದು, ಆ ಮೂವರು ಕೇಳದೆ ಬಿಟ್ಟದ್ದನ್ನೂ ಕೇಳಿಯಾಳು. ಒಲವು ಮೂರನೇ ಹಂತದಲ್ಲಿ ಮಾತ್ರ ಇದ್ದರೆ? ಹಂತಗಳನ್ನು ಎಂಟರಿಂದ ನಾಲ್ಕಕ್ಕೆ ಇಳಿಸಿದರೆ? ಐದನೇ ಹಂತದಲ್ಲಿ ಮೀಸಲು ಇಟ್ಟರೆ ಅದರ ಫಲ ತುದಿ ತಲುಪಲು ಎಷ್ಟು ಸುತ್ತು ಬೇಕು? ಒಲವನ್ನು ಇಂದೇ ಸೊನ್ನೆ ಮಾಡಿದರೆ, ಈಗಾಗಲೇ ವಾಲಿದ ಏಣಿ ನೆಟ್ಟಗಾಗುವುದು ಯಾವಾಗ?