ಕಾಲ ಕೆಳಗಿನ ನೆಲ

ಮನೆ ಕಟ್ಟಿಸುವಾಗ ಬಾಗಿಲು ಕಿಟಕಿಗಳನ್ನು ಹತ್ತು ಸಲ ತಿರುಗಿಸಿ ನೋಡುತ್ತೇವೆ. ಗೋಡೆಯ ಬಣ್ಣಕ್ಕಾಗಿ ಮನೆಮಂದಿಯೆಲ್ಲ ಸೇರಿ ವಾದಿಸುತ್ತೇವೆ. ನೆಲದ ವಿಚಾರ ಬರುವುದು ಕಟ್ಟಕಡೆಗೆ, ಕೈಯಲ್ಲಿದ್ದ ಹಣವೂ ತಾಳ್ಮೆಯೂ ಮುಗಿಯುತ್ತ ಬಂದಾಗ. ಆದರೆ ಗೋಡೆಯನ್ನು ನಾವು ನೋಡುತ್ತೇವೆ, ಅಷ್ಟೆ. ನೆಲವನ್ನು ದಿನವೆಲ್ಲ ಮೆಟ್ಟುತ್ತೇವೆ. ಮಗು ಅಂಬೆಗಾಲಿಡುವುದು ಅದರ ಮೇಲೆ. ವಯಸ್ಸಾದವರು ಜಾರಿ ಸೊಂಟ ಮುರಿದುಕೊಳ್ಳುವುದೂ ಅದರ ಮೇಲೆಯೇ.

ನಮ್ಮ ನಾಡಿನಲ್ಲಿ ನೆಲಕ್ಕೆ ಒಂದೇ ಪದ್ಧತಿ ಎಂದೂ ಇರಲಿಲ್ಲ. ಸಗಣಿ ಸಾರಿಸಿದ ಮಣ್ಣಿನ ನೆಲವನ್ನು ಎಲ್ಲರೂ ಬಲ್ಲರು. ಕಲಬುರಗಿಯ ಕಡೆ ಶಹಾಬಾದಿನ ಹಾಸುಗಲ್ಲು. ಕರಾವಳಿಯಲ್ಲಿ, 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ಮಾಡಿನ ಹೆಂಚಿನ ಜೊತೆಗೆ ನೆಲಕ್ಕೆ ಹಾಸುವ ಸುಟ್ಟ ಮಣ್ಣಿನ ಬಿಲ್ಲೆಗಳೂ ಬಂದವು. ಮೈಸೂರು, ಬೆಂಗಳೂರುಗಳ ಹಳೆಯ ಮನೆಗಳಲ್ಲಿ ಕೆಂಪು ಆಕ್ಸೈಡಿನ ನೆಲ, ಆಮೇಲೆ ಮೊಸಾಯಿಕ್. ಈಗ ಪೇಟೆಯಲ್ಲಿ ವಿಟ್ರಿಫೈಡ್ ಟೈಲುಗಳದೇ ಕಾರುಬಾರು.

ಟೈಲು ಎಂದರೆ ಎಲ್ಲವೂ ಒಂದೇ ಎಂದು ತಿಳಿಯಬೇಡಿ. ಸಾಮಾನ್ಯ ಸೆರಾಮಿಕ್ ಟೈಲಿನ ಒಡಲು ಸುಟ್ಟ ಜೇಡಿಮಣ್ಣು; ಮೇಲೆ ಗಾಜಿನಂಥ ಲೇಪ. ಒಡಲಿಗೆ ನೀರು ಕುಡಿಯುವ ಗುಣವುಂಟು. ವಿಟ್ರಿಫೈಡ್ ಟೈಲನ್ನು ಬಲವಾಗಿ ಒತ್ತಿ, ಹೆಚ್ಚಿನ ಉಷ್ಣದಲ್ಲಿ ಸುಡುವುದರಿಂದ ಒಡಲೇ ಗಾಜಿನಂತೆ ಬಿಗಿಯುತ್ತದೆ. ತನ್ನ ತೂಕದಲ್ಲಿ ನೂರಕ್ಕೆ ಅರ್ಧ ಪಾಲಿನಷ್ಟು ನೀರನ್ನೂ ಹೀರುವುದಿಲ್ಲ. ಅಂಗಡಿಯಲ್ಲಿ ಟೈಲನ್ನು ಮಗುಚಿ, ಬೆನ್ನಿನ ಮೇಲೆ ಒಂದು ಚಮಚ ನೀರು ಹಾಕಿ ನೋಡಿ. ನೀರು ಇಂಗಿತೇ, ನಿಂತಿತೇ ಎಂಬುದು ಸ್ವಲ್ಪ ಹೊತ್ತಿನಲ್ಲೇ ತಿಳಿಯುತ್ತದೆ.

ಇದರಿಂದ ಕೆಲಸದ ರೀತಿಯೂ ಬೇರೆಯಾಗುತ್ತದೆ. ಟೈಲನ್ನು ಬಕೆಟ್ಟಿನ ನೀರಿನಲ್ಲಿ ನೆನೆಹಾಕಿ, ಸಿಮೆಂಟಿನ ಹಾಲು ಹಚ್ಚಿ ಕೂರಿಸುವ ಹಳೆಯ ಕ್ರಮ ಸೆರಾಮಿಕ್ಕಿಗೆ ಸರಿ. ವಿಟ್ರಿಫೈಡ್ ಟೈಲು ನೀರನ್ನೇ ಹೀರದಿರುವಾಗ ಬರಿಯ ಸಿಮೆಂಟು ಅದನ್ನು ಹಿಡಿಯುವುದು ಹೇಗೆ? ಅದಕ್ಕೆಂದೇ ಮಾರುವ ಅಂಟನ್ನು ಹಲ್ಲಿನ ಕರಣೆಯಿಂದ ಹರಡಿ ಕೂರಿಸಬೇಕು. “ಮೂವತ್ತು ವರ್ಷದಿಂದ ಸಿಮೆಂಟಿನಲ್ಲೇ ಕೂರಿಸ್ತಿದೀನಿ ಸ್ವಾಮಿ” ಎಂದು ಮೇಸ್ತ್ರಿ ಹೇಳಿಯಾನು. ಅವನ ಮೂವತ್ತು ವರ್ಷಕ್ಕೆ ಮರ್ಯಾದೆ ಕೊಡೋಣ. ಅಂಟಿನ ಚೀಲವನ್ನೂ ತರಿಸೋಣ.

ನೆಲ ಕೆಡುವುದು ಹೆಚ್ಚಾಗಿ ಮೇಲಿನಿಂದಲ್ಲ, ಕೆಳಗಿನಿಂದ. ಪಾಯದೊಳಗೆ ತುಂಬಿದ ಮಣ್ಣನ್ನು ಪದರ ಪದರವಾಗಿ ಹಾಕಿ, ನೀರುಣಿಸಿ, ದಮ್ಮಸ್ಸು ಮಾಡದಿದ್ದರೆ ಒಂದೆರಡು ಮಳೆಗಾಲ ಕಳೆಯುವುದರೊಳಗೆ ಅದು ಕುಸಿಯುತ್ತದೆ. ಮೇಲೆ ಎಷ್ಟು ಬೆಲೆಯ ಟೈಲು ಹಾಸಿದರೂ ಬಿರುಕು ತಪ್ಪಿದ್ದಲ್ಲ. ಇನ್ನೊಂದು ತಪ್ಪು, ಕೆಲಸ ಬೇಗ ಮುಗಿಯಲೆಂದು ಟೈಲಿನ ನಾಲ್ಕು ಮೂಲೆಗೂ ನಡುವಿಗೂ ಒಂದೊಂದು ಮುದ್ದೆ ಗಾರೆ ಇಟ್ಟು ಒತ್ತಿಬಿಡುವುದು. ಮುದ್ದೆಗಳ ನಡುವೆ ಟೊಳ್ಳು ಉಳಿಯುತ್ತದೆ. ಮಂಚದ ಕಾಲು ಅಲ್ಲಿ ಬಂದರೆ, ಗ್ಯಾಸಿನ ಸಿಲಿಂಡರನ್ನು ಅಲ್ಲಿ ಕುಕ್ಕಿದರೆ ಟೈಲು ಸೀಳುತ್ತದೆ. ಕೂಲಿಯ ಕೊನೆಯ ಕಂತು ಕೊಡುವ ಮುನ್ನ ಒಂದು ನಾಣ್ಯ ಹಿಡಿದು ಪ್ರತಿಯೊಂದು ಟೈಲನ್ನೂ ತಟ್ಟುತ್ತ ಹೋಗಿ. ಗಟ್ಟಿ ಕೂತದ್ದು ಒಂದು ದನಿ ಕೊಡುತ್ತದೆ, ಟೊಳ್ಳು ಇನ್ನೊಂದು. ನಿಮ್ಮ ಕಿವಿಯೇ ಸಾಕ್ಷಿ.

ಸಂದು ಕಾಣಬಾರದು, ಕನ್ನಡಿಯಂತೆ ಒಂದೇ ಹಾಸು ಕಾಣಬೇಕು ಎಂಬ ಆಸೆ ಅನೇಕರಿಗೆ. ಬೇಡ. ಬಿಸಿಲಿನ ಕಾವಿಗೆ ನೆಲ ಹಿಗ್ಗುತ್ತದೆ. ಹಿಗ್ಗಲು ಎಡೆಯಿಲ್ಲದಿದ್ದರೆ ಎರಡು ಟೈಲುಗಳು ಒಂದಕ್ಕೊಂದು ಒತ್ತಿ, ಒಂದು ದಿನ ಢಬ್ಬೆಂದು ಮೇಲೆದ್ದು ನಿಲ್ಲುತ್ತವೆ. ಎರಡು ಮೂರು ಮಿಲಿಮೀಟರು ಸಂದು ಬಿಡಿಸಿ, ಗೋಡೆಯ ಅಂಚಿನಲ್ಲೂ ಸ್ವಲ್ಪ ಎಡೆ ಇರಲಿ. ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ.

ಬಚ್ಚಲುಮನೆಯ ವಿಷಯದಲ್ಲಿ ಮಾತ್ರ ಅಂದವನ್ನು ಪಕ್ಕಕ್ಕಿಡಿ. ಅಲ್ಲಿಗೆ ಹೊಳಪಿನ ಟೈಲು ಸಲ್ಲದು, ತರಿಯಾದುದೇ ಆಗಬೇಕು. ಅಂಗಡಿಯವನು ಗೊಣಗಿದರೂ ಚಿಂತೆಯಿಲ್ಲ, ಮಾದರಿಯ ಟೈಲನ್ನು ನೆಲದ ಮೇಲಿಟ್ಟು, ಸಾಬೂನು ನೀರು ಹಾಕಿಸಿ, ಬರಿಗಾಲಿನಲ್ಲಿ ಉಜ್ಜಿ ನೋಡಿ. ನೀರು ಹರಿದು ಹೋಗಲು ಮೀಟರಿಗೆ ಒಂದು ಸೆಂಟಿಮೀಟರಿನಷ್ಟಾದರೂ ಇಳಿಜಾರು ಬೇಕು. ಒಂದು ಬಕೆಟ್ಟು ನೀರು ಸುರಿದು, ಮೂಲೆಯಲ್ಲಿ ಎಲ್ಲಿಯಾದರೂ ನಿಂತಿತೇ ಎಂದು ನೋಡಿದ ಮೇಲೆಯೇ ಒಪ್ಪಿಗೆ ಕೊಡಿ. ನಿಂತ ನೀರಿನಲ್ಲೇ ಪಾಚಿ ಹುಟ್ಟುವುದು.

ಇನ್ನು ಶುಚಿ. ಬೀದಿಯಲ್ಲಿ ಸೀಸೆಗಟ್ಟಲೆ ಮಾರುವ ಆಸಿಡ್ಡು ಕಲೆಯನ್ನು ತೆಗೆಯುವುದು ನಿಜ. ಅದರ ಜೊತೆಗೆ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಶಹಾಬಾದು, ಕಡಪ ಕಲ್ಲುಗಳು ಸುಣ್ಣಕಲ್ಲಿನ ಜಾತಿ. ಮೊಸಾಯಿಕ್ಕಿನಲ್ಲಿರುವುದು ಅಮೃತಶಿಲೆಯ ಚೂರು. ಇವುಗಳ ಮೇಲೆ ಆಸಿಡ್ಡು ಬಿದ್ದರೆ ನೊರೆಯೆದ್ದು ಹೊಳಪು ಹೋಯಿತೆಂದೇ ಲೆಕ್ಕ. ನಿಂಬೆರಸ, ಹುಣಸೆಹುಳಿ ಚೆಲ್ಲಿದರೂ ಕೂಡಲೇ ಒರೆಸಬೇಕು. ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಕೂಡಿಸಬೇಡಿ: ಕ್ಲೋರಿನ್ ಎಂಬ ವಿಷದ ಗಾಳಿ ಏಳುತ್ತದೆ, ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಮುಳುವು. ಬೆಚ್ಚನೆಯ ನೀರು, ಸ್ವಲ್ಪ ಸಾಬೂನು, ಒಂದು ಬ್ರಷ್ಷು ಮನೆಯ ನೆಲಕ್ಕೆ ಸಾಕು.

ಹಳೆಯ ಕೆಂಪು ನೆಲವಿರುವವರಿಗೆ ಒಂದು ಮಾತು. ಕಬ್ಬಿಣದ ಆಕ್ಸೈಡನ್ನು ಸಿಮೆಂಟಿಗೆ ಬೆರೆಸಿ, ಕರಣೆಯಿಂದ ತೀಡಿ ತೀಡಿ ನಯಮಾಡಿದ ನೆಲ ಅದು. ಕಾಲು ಸವೆದಷ್ಟೂ ಅದರ ಹೊಳಪು ಹೆಚ್ಚುತ್ತದೆ. ಕೂದಲೆಳೆಯಂಥ ಬಿರುಕು ಅದರ ಸಹಜ ಗುಣ. ಅದಕ್ಕಾಗಿ ನೆಲವನ್ನು ಅಗೆಸಬೇಕಾಗಿಲ್ಲ. ಆಗೊಮ್ಮೆ ಈಗೊಮ್ಮೆ ಬಟ್ಟೆಗೆ ಕೊಬ್ಬರಿಎಣ್ಣೆಯನ್ನು ತೀರ ತೆಳ್ಳಗೆ ಸವರಿ ಉಜ್ಜಿ, ಒಣಬಟ್ಟೆಯಿಂದ ಪೂರ್ತಿ ಒರೆಸಿಬಿಡಿ. ಅದರ ಮೇಲೆಯೇ ಟೈಲು ಹಾಸುತ್ತೇವೆಂದು ಯಾರಾದರೂ ಬಂದರೆ ಮೊದಲು ಬಾಗಿಲುಗಳನ್ನು ನೋಡಿ: ನೆಲ ಏರಿದರೆ ಅವನ್ನೆಲ್ಲ ಅಡಿಯಲ್ಲಿ ಕೊಯ್ಯಿಸಬೇಕಾಗುತ್ತದೆ.

ಹೊಸದಾಗಿ ಹಾಸಿಸುವವರು ಲೆಕ್ಕಕ್ಕಿಂತ ಒಂದೆರಡು ಪೆಟ್ಟಿಗೆ ಹೆಚ್ಚಾಗಿಯೇ ತನ್ನಿ. ಅದೇ ಹೆಸರಿನ ಟೈಲಾದರೂ ಒಂದು ಸುಡುವಿಕೆಯ ಬಣ್ಣಕ್ಕೆ ಇನ್ನೊಂದರ ಬಣ್ಣ ಹೊಂದುವುದಿಲ್ಲ. ಉಳಿದವನ್ನು ಪೆಟ್ಟಿಗೆಯ ಸಮೇತ, ಅದರ ಮೇಲಿನ ಷೇಡಿನ ನಂಬರು ಹರಿಯದಂತೆ, ಅಟ್ಟಕ್ಕೆ ಹಾಕಿಬಿಡಿ.