ಮಾರಿಕಣಿವೆಯ ಎದುರು ರಾಗಿಕಾಳು

ಮಾರಿಕಣಿವೆ ಜಲಾಶಯ ತುಂಬಿತೆಂದರೆ ಹಿರಿಯೂರು ಸೀಮೆಯವರ ಬಾಯಲ್ಲಿ ಒಂದೇ ಲೆಕ್ಕ: 130 ಅಡಿ. ಟಾರ್ಚಿನ ಒಂದು ಸೆಲ್ಲಿನ 1.5 ವೋಲ್ಟನ್ನು ಆ 130 ಅಡಿ ಅಂದುಕೊಳ್ಳಿ. ಆಗ ನೆತ್ತಿಯ ಮೇಲೆ ಸಿಗುವ ಮಿದುಳಿನ ವಿದ್ಯುತ್ತು ಎಷ್ಟೆತ್ತರ? ಒಂದು ರಾಗಿಕಾಳು! ಸುಮಾರು 50 ಮೈಕ್ರೋವೋಲ್ಟ್, ಸೆಲ್ಲಿನ 30,000ದಲ್ಲಿ ಒಂದು ಪಾಲು. ಪಾರ್ಶ್ವವಾಯು ಬಡಿದು ಕೈಕಾಲು ಆಡದವರ ಮನಸ್ಸನ್ನು ಕಂಪ್ಯೂಟರಿಗೆ ದಾಟಿಸುವ ಅಗ್ಗದ ಟೋಪಿ, ಬುರುಡೆ ಕೊರೆಯದೆ, ಈ ಕಾಳನ್ನೇ ಹೆಕ್ಕಬೇಕು.

ಹೆಕ್ಕುತ್ತದೆ ಕೂಡ. ಇಂಥ ಟೋಪಿಗಳಲ್ಲಿ ಬಳಸುವ ಎಡಿಎಸ್1299 ಚಿಪ್ಪು ಹೆಬ್ಬೆರಳ ಉಗುರಿನಷ್ಟು. ಅದು ವೋಲ್ಟೇಜನ್ನು 1,67,77,216 ಮೆಟ್ಟಿಲಾಗಿ ಸೀಳುತ್ತದೆ. ಚಿತ್ರದುರ್ಗ ಜಿಲ್ಲೆಯ ಅಷ್ಟೂ ಜನ, 2011ರ ಗಣತಿಯ 16.6 ಲಕ್ಷ, ತಲೆಗೆ ಹತ್ತರಂತೆ ಹಂಚಿಕೊಂಡರೂ ಮೆಟ್ಟಿಲು ಮಿಗುತ್ತವೆ. ತಂತಿ 8, ಒಂದೊಂದರಿಂದ ಸೆಕೆಂಡಿಗೆ 250 ಅಂಕಿ. ಐಮಂಗಲದಲ್ಲಿ ಟೋಪಿ ಹಾಕಿಕೊಂಡು ಬೆಂಗಳೂರಿನ ಬಸ್ಸು ಹತ್ತಿದಿರಿ, ಮೂರೂವರೆ ಗಂಟೆ ಹಿಡಿಯಿತು ಅನ್ನಿ: ಇಳಿಯುವಷ್ಟರಲ್ಲಿ ಎರಡೂವರೆ ಕೋಟಿ ಅಂಕಿ!

ಇನ್ನು ಒಳಗಿನ ಸಂತೆ. ಮಿದುಳಿನ ನರಕೋಶ ಸುಮಾರು 8,600 ಕೋಟಿ. ಊಟ ನಿದ್ದೆ ಬಿಟ್ಟು ಸೆಕೆಂಡಿಗೊಂದರಂತೆ ಎಣಿಸಿದರೆ 2,700 ವರ್ಷ. ಇದೇ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಬರೆದ ಲಿಪಿಕಾರ ಚಪಡ ಅಂದೇ ಎಣಿಕೆಗೆ ಕೂತಿದ್ದರೂ, ಪಾಪ, ಇನ್ನೂ ನಾನೂರು ವರ್ಷದ ಕೆಲಸ ಬಾಕಿ! ಈ ಪೈಕಿ ಟೋಪಿಗೆ ಮುಖ್ಯವಾಗಿ ಕೇಳಿಸುವುದು ಹೊರಪದರದ 1,600 ಕೋಟಿ. ತಂತಿಯೊಂದರ ಪಾಲಿಗೆ 200 ಕೋಟಿ ಬಂತು. ಇಡೀ ಭಾರತ ಒಟ್ಟಿಗೆ ಕೂಗಿದರೂ ಅಷ್ಟು ಗಂಟಲಿಲ್ಲ. ನ್ಯೂರಾಲಿಂಕ್ ಕಂಪನಿ 2024ರಲ್ಲಿ ಮನುಷ್ಯನ ಮಿದುಳಿಗೇ ಇಳಿಸಿದ್ದು 1,024 ಎಲೆಕ್ಟ್ರೋಡ್. ಅದು ಸಿರಿವಂತರ ಲೆಕ್ಕ, ಬಿಡಿ.

ವೇಗ? 1988ರಲ್ಲಿ ಸಂಶೋಧಕರಾದ ಫಾರ್ವೆಲ್ ಮತ್ತು ಡಾಂಚಿನ್, ಪರದೆಯ ಮನೆಗಳಲ್ಲಿನ ಅಕ್ಷರ ನೋಡಿಸಿ, ನೆತ್ತಿಯಿಂದ ತೆಗೆಸಿದ್ದು ನಿಮಿಷಕ್ಕೆ 2.3 ಅಕ್ಷರ. 'ಐಮಂಗಲ' ಎಂಬ ನಾಲ್ಕಕ್ಷರಕ್ಕೆ 1 ನಿಮಿಷ 44 ಸೆಕೆಂಡು! ಸ್ಟ್ಯಾನ್‌ಫರ್ಡ್‌ನವರು ಮಿದುಳೊಳಗೆ ಎಲೆಕ್ಟ್ರೋಡ್ ಇಟ್ಟು 2021ರಲ್ಲಿ ನಿಮಿಷಕ್ಕೆ 90 ಅಕ್ಷರ ಮುಟ್ಟಿದರು; 2023ರಲ್ಲಿ ಅಕ್ಷರವಲ್ಲ, 62 ಪದ. ಟೋಪಿಯವರೂ ಸುಮ್ಮನೆ ಕೂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ತುಟಿ ಅಲುಗದೆ ಮನಸ್ಸಿನಲ್ಲೇ ಆಡಿಕೊಂಡ ಪದವನ್ನು ನೆತ್ತಿಯಿಂದಲೇ ಹಿಡಿಯಲು ನೋಡಿದೆ.

ಹಾಗೆ ಪದವನ್ನೇ ಹಿಡಿಯುವುದು ನಮಗಂತೂ ಒಳ್ಳೆಯದು. 1988ರ ಆ ಪರದೆಯಲ್ಲಿ ಇದ್ದದ್ದು 36 ಮನೆ. ಕನ್ನಡದ ವರ್ಣಮಾಲೆಗೇ 49 ಬೇಕು. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿಸಿ ಮನೆ ಕಟ್ಟಲು ಹೋದರೆ ಪರದೆ ಸಾಲದು, ದುರ್ಗದ ಕೋಟೆಯ ಗೋಡೆಯೇ ಬೇಕಾದೀತು.